ಎರಡನೇ ಪ್ರೊಸೆಸರ್ ಎದ್ದ ಹೊತ್ತು

ಸತ್ತವರ ಫೋಟೋದಲ್ಲಿ ಮುಚ್ಚಿದ ಕಣ್ಣು ತೆರೆಸುವುದರಲ್ಲಿ ನಮ್ಮ ಕೆಂಪರಾಜುವನ್ನು ಮೀರಿಸುವವನು ಸುತ್ತ ಏಳು ಹೋಬಳಿಯಲ್ಲಿ ಹುಟ್ಟಿಲ್ಲ. ಅಂಥವನಿಗೇ ಸ್ಟುಡಿಯೋ ಮಾಲೀಕ ಮರಿಸ್ವಾಮಪ್ಪ ಎರಡು ಪ್ರೊಸೆಸರಿನ ಕಂಪ್ಯೂಟರ್ ತಂದಿಟ್ಟು ಗುಡುಗಿದ: “ಇದಕ್ಕೆ ಮಿದುಳು ಎರಡು ಕಣೋ! ಗಂಟೆಯ ಕೆಲಸ ಅರ್ಧ ಗಂಟೆಗೆ ಮುಗೀಬೇಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಅರ್ಧ ಗಂಟೆಯಾಯಿತು. ಪರದೆಯ ಮೇಲಿನ ಅಜ್ಜಿಗೆ ಒಂದೇ ಕಣ್ಣು ತೆರೆದಿತ್ತು.

ಕೆಂಪರಾಜು ಕಂಪ್ಯೂಟರ್ ಡಬ್ಬಿಯ ಮುಚ್ಚಳ ತೆಗೆದ. “ಎರಡು ಪ್ರೊಸೆಸರ್ ಮೇಲೂ ಒಂದೊಂದು ಕೈ ಇಡಿ, ಯಜಮಾನ್ರೇ.”

ಮರಿಸ್ವಾಮಪ್ಪನ ಬಲಗೈ ಚುರ್ರೆಂದಿತು. ಎಡಗೈಗೆ ಹೆಣ ಮುಟ್ಟಿದ ಹಾಗಾಯಿತು. ಗೋಡೆಯ ತುಂಬ ಹಾರ ಹಾಕಿಕೊಂಡ ಮುಖಗಳು ಅವನನ್ನೇ ನೋಡುತ್ತಿದ್ದವು.

“ಇದು... ಸತ್ತಿದೆಯೇನೋ?”

“ಇಲ್ಲ. ನಮ್ಮ ಹಳೇ ಸಾಫ್ಟ್‌ವೇರ್ ಒಂದು ಮಿದುಳನ್ನೇ ದುಡಿಸುತ್ತೆ, ಇನ್ನೊಂದು ಮಲಗಿರುತ್ತೆ. ಅದಕ್ಕೂ ಒಂದು ಬೇರೆ ಕೆಲಸ ಕೊಟ್ರೆ ಏಳುತ್ತೆ. ಕೈ ತೆಗೀಬೇಡಿ.” ಹಾಗೆಂದವನೇ ಮದುವೆಯ ವಿಡಿಯೋ ಒಂದನ್ನೂ ಜೊತೆಗೆ ಓಡಿಸಿದ.

ಫ್ಯಾನ್ ನರಳಿತು. ಎಡಗೈ ಕೆಳಗಿನ ತಣುಪು, ಉಸಿರು ಬಂದಂತೆ, ಮೆಲ್ಲಗೆ ಬೆಚ್ಚಗಾಯಿತು. ಮರಿಸ್ವಾಮಪ್ಪ ಹಾರಿ ಬಾಗಿಲಿಗೆ ಅಂಟಿಕೊಂಡ.

“ಎರಡು ಕೆಲಸವಿದ್ರೆ ಎರಡೂ ದುಡೀತವೆ,” ಎಂದ ಕೆಂಪರಾಜು. “ಅಜ್ಜಿ ಕಣ್ಣಿಗೆ ಮಾತ್ರ ಗಂಟೆ ಬೇಕೇ ಬೇಕು.”

“ಗಂಟೆ ಯಾಕೆ, ದಿನವೇ ತಗೋ ನಮ್ಮಪ್ಪ,” ಮಾಲೀಕ ಬೆವರೊರೆಸಿಕೊಂಡ. “ಮೊದಲು ಅದನ್ನ ಮಲಗಿಸಿಬಿಡು!”