ಮರಿಬಸಪ್ಪನವರ ಜಿಡ್ಡಿಲ್ಲದ ಸಾಸು

ದಾವಣಗೆರೆಯಲ್ಲಿ ಮರಿಬಸಪ್ಪ ಎಂಬ ಸಾಮಿಲ್ಲಿನ ಯಜಮಾನರಿದ್ದರು. ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬೆಣ್ಣೆ, ಕೆನೆ ಬಿಡಿ ಎಂದವರು ಡಾಕ್ಟರು. ಬೈಸಿಕೊಂಡವಳು ಅಡುಗೆಯ ಹಾಲಮ್ಮ.

“ಜಿಡ್ಡು ಹಾಕಬಾರದು. ಆದ್ರೆ ತರಕಾರಿ ಮೇಲೆ ಸುರಿಯೋ ಸಾಸು ಮೊದಲಿನಂಗೇ ಗಟ್ಟಿ ಇರಬೇಕು. ನಾಳೆ ಡಾಕ್ಟ್ರು ಊಟಕ್ಕೆ ಬರ್ತಾರೆ. ನೀರಾಗಿದ್ರೆ ನೀನು ಮನೆ ಕಡೆ ನಡಿ!” ಎಂದು ಯಜಮಾನರು ಗದರಿದರು.

ಹಾಲಮ್ಮ ಕೆನೆ ತೆಗೆದ ಮೊಸರಿನಲ್ಲಿ ಸಾಸು ಮಾಡಿ ನೋಡಿದಳು. ಮಜ್ಜಿಗೆಯಂತೆ ಹರಿಯಿತು. ಯಜಮಾನರ ಜ್ಯೂಸಿಗೆ ಹಿಂಡಿದ ಮೋಸಂಬಿಯ ಸಿಪ್ಪೆ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಅದರ ಒಳಗಿನ ಬಿಳಿ ಭಾಗವನ್ನು ಕಹಿ ಹೋಗುವವರೆಗೆ ನೀರು ಬದಲಿಸಿ ಬೇಯಿಸಿದಳು. ನುಣ್ಣಗೆ ರುಬ್ಬಿ ಮೊಸರಿಗೆ ಕಲಸಿದಳು. ಸಾಸು ಸೌಟಿಗೆ ಅಂಟಿ ನಿಂತಿತು.

ಮರುದಿನ ಯಜಮಾನರು ಮತ್ತೆ ಮತ್ತೆ ಬಡಿಸಿಕೊಂಡರು. ಡಾಕ್ಟರೂ ಚಪ್ಪರಿಸಿದರು. “ಯಾರು ಹೇಳಿಕೊಟ್ಟಿದ್ದು ಇದನ್ನ?”

“ಇನ್ಯಾರು? ನಾನೇ!” ಯಜಮಾನರು ಎದೆಯುಬ್ಬಿಸಿದರು. “ಈ ಹೆಂಗಸಿಗೆ ಏನು ಗೊತ್ತು?”

“ಏನು ಹಾಕಿಸಿದ್ರಿ?”

ಯಜಮಾನರು ತಡವರಿಸಿ ಹಾಲಮ್ಮನ ಮುಖ ನೋಡಿದರು.

“ಮೋಸಂಬಿ ಸಿಪ್ಪೆ, ಡಾಕ್ಟ್ರೇ” ಎಂದಳು ಅವಳು.

“ಸಿಪ್ಪೆನಾ?” ಯಜಮಾನರು ತುಂಬಿದ ಬಾಯಲ್ಲೇ ಗುಡುಗಿದರು. “ದನ ತಿನ್ನೋದನ್ನ ನನಗೆ ತಿನ್ನಿಸಿದೆಯೇನೇ?”

“ಅಯ್ಯೋ, ನೀವೇ ಹೇಳಿಕೊಟ್ಟಿದ್ದಲ್ವಾ ಯಜಮಾನ್ರೇ? ಈ ಹೆಂಗಸಿಗೆ ಏನು ಗೊತ್ತು!”

ಡಾಕ್ಟರು ನಗು ತಡೆಯಲಾರದೆ ಕರವಸ್ತ್ರ ಬಾಯಿಗಿಟ್ಟುಕೊಂಡರು. ತಾವೇ ಹೇಳಿಕೊಟ್ಟ ಅಡುಗೆಗೆ ಅಡುಗೆಯವಳನ್ನು ಓಡಿಸುವುದು ಹೇಗೆ? ಯಜಮಾನರು ಉಗಿಯಲಾಗದೆ ಬಾಯಲ್ಲಿದ್ದುದನ್ನು ನುಂಗಿದರು.

ಹಾಲಮ್ಮ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.