ಒಂದು ಬೆರಳು ಜಾಗ

ಸಂಜೆಯೊಳಗೆ ಸೈಕಲ್ಲಿನಲ್ಲಿ ಬಾದಾಮಿ ಮುಟ್ಟಬೇಕೆಂದಿದ್ದ ಶಾಂಭವಿ, ಹಾದಿ ಕೆಟ್ಟದ್ದೆಂದು ಅಂಗಡಿಯ ಅತಿ ಅಗಲದ ಟೈರನ್ನೇ ಹಾಕಿಸಿಕೊಂಡಳು. ಮುಂದಿನ ಚಕ್ರವನ್ನು ತನ್ನ ಎರಡು ಕಾಲುಗಳ ನಡುವೆ ಹಿಡಿದಿದ್ದ ಹಳೆಯ ಫೋರ್ಕಿಗೆ ಅದು ಇಕ್ಕಟ್ಟಾಯಿತು.

“ತಮ್ಮಾ, ನನ್ನ ಕಾಲುಗಳ ನಡುವೆ ಒಂದು ಬೆರಳಾದರೂ ಜಾಗ ಬಿಡಬೇಕಿತ್ತು,” ಎಂದಿತು ಫೋರ್ಕು.

“ಯಾರಿಗೆ ಬಿಡಲಿ ಅಜ್ಜಾ? ನಿನಗೆ ತಾಗದೆ ತಿರುಗುತ್ತಿದ್ದೇನಲ್ಲ! ಸಣ್ಣ ಟೈರು ನೋಡಿ ನೋಡಿ ನಿನ್ನ ಮನಸ್ಸೂ ಸಣ್ಣದಾಗಿದೆ,” ಎಂದಿತು ಟೈರು.

ಶಾಂಭವಿ ಹೊರಟಳು. ಕಲ್ಲು, ಗುಂಡಿಗಳನ್ನು ಟೈರು ಸಲೀಸಾಗಿ ದಾಟಿತು. ಮಧ್ಯಾಹ್ನ ಮಳೆ ಬಿದ್ದು ಎರೆಮಣ್ಣಿನ ದಾರಿ ಅಂಟಾಯಿತು. ಟೈರಿಗೆ ಮೆತ್ತಿದ ಮಣ್ಣು ಮೇಲೇರಿ ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತು. ಚಕ್ರ ನಿಂತೇ ಹೋಯಿತು.

“ಅಜ್ಜಾ, ಬಿಡು ನನ್ನನ್ನು!”

“ನಾನೆಲ್ಲಿ ಹಿಡಿದಿದ್ದೇನೆ ತಮ್ಮಾ? ಆ ಜಾಗ ನಾನು ಕೇಳಿದ್ದು ನನಗಲ್ಲ, ದಾರಿಯಲ್ಲಿ ಜೊತೆಗೆ ಬರುವ ಮಣ್ಣಿಗೆ.”

ಶಾಂಭವಿ ಕಡ್ಡಿಯಿಂದ ಮಣ್ಣು ಕೆರೆದಳು. ಹತ್ತು ಹೆಜ್ಜೆಗೆ ಮತ್ತೆ ತುಂಬಿತು. ಕೊನೆಗೆ ಬಾದಾಮಿಯ ಆಸೆ ಬಿಟ್ಟು, ಸೈಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ನಡೆದಳು. ಎದುರಿಂದ ಹಾಲಿನವನ ಸೈಕಲ್ಲು ಬಂತು. ಅದರ ಟೈರು ಅಷ್ಟೇನೂ ಅಗಲವಿರಲಿಲ್ಲ. ಮೆತ್ತಿದ ಮಣ್ಣು ಸಂದಿಯಿಂದ ಹೊರಬಿದ್ದು ಉದುರುತ್ತಿತ್ತು, ಚಕ್ರ ತಿರುಗುತ್ತಲೇ ಇತ್ತು. ಹೆಗಲ ಮೇಲಿನ ಟೈರು ಆ ಸೈಕಲ್ಲು ಮರೆಯಾಗುವವರೆಗೂ ನೋಡಿತು.