ಬೇಲಿ ಮೇಲಿನ ಬೂದುಗುಂಬಳ

ಕೇಳ್ರೋ, ನಿನ್ನೆ ಏನಾಯ್ತು ಗೊತ್ತಾ! ನಮ್ಮೂರಲ್ಲಿ ಜಾಗ ಕೊಂಡ ಹೊಸ ಯಜಮಾನ್ರು, ಕೂಲಿಗೆ ಬಂದ ಸಣ್ಣೀರಣ್ಣನಿಗೆ, "ನಾಳೆ ಪಾಯದ ಪೂಜೆ! ಹಳೇ ಬೇಲೀದು ಒಂದು ಮುಳ್ಳೂ ಉಳೀಬಾರ್ದು!" ಅಂತ ಗುಡುಗಿದ್ರು. ಆ ಬೇಲಿ ಮೇಲೇ ಪಕ್ಕದ ಗುಡಿಸಲಿನ ಪುಟ್ತಾಯಜ್ಜಿ ಬೂದುಗುಂಬಳದ ಬಳ್ಳಿ ಹಬ್ಸಿದ್ಲು. ಅವಳಿಗೆ ಅದೇ ಜೀವ. ಪಾಪ, ಅಳ್ತಾ ನಿಂತಿದ್ಲು.

ಸಣ್ಣೀರಣ್ಣ ಮೂರು ಕಡೆ ಬೇಲಿ ಕಿತ್ತ. ಬಳ್ಳಿ ಹತ್ರ ಬಂದು, "ಕಡೀತೀನಿ ಸ್ವಾಮಿ. ಆದ್ರೆ ನಾಳೆ ಪೂಜೇಲಿ ಒಡೆಯೋಕೆ ಕುಂಬಳಕಾಯಿ ಬೇಕಲ್ವಾ? ಬಾಗಿಲು ಇಡೋವಾಗ? ದೃಷ್ಟಿಗೆ ಕಟ್ಟೋಕೆ? ನಿಮ್ಮ ಬೇಲಿ ಕಾಯಿಗಿರೋ ಬಲ ಸಂತೆ ಕಾಯಿಗೆಲ್ಲಿ ಬರುತ್ತೆ?" ಅಂದ.

ಯಜಮಾನ್ರು ಅವನ ಮಚ್ಚೇ ಕಿತ್ಕೊಂಡ್ರು! "ಈ ಕಡೆ ಮುಟ್ಟಿದ್ರೆ ನೋಡು!"

ಇವತ್ತು ಬೆಳಿಗ್ಗೆ ನೋಡಿದ್ರೆ, ಪಂಚೆ ಎತ್ತಿ ಕಟ್ಟಿ ಅವರೇ ಬಳ್ಳಿಗೆ ನೀರು ಹಾಕ್ತಾವ್ರೆ! ಅಜ್ಜಿ ಕಾಯಿ ಕಿತ್ತು ಕೊಟ್ಟು, "ಮನೆ ತಣ್ಣಗಿರ್ಲಿ ಮಗಾ" ಅಂದ್ಲು. ಯಜಮಾನ್ರ ದನಿ ಇಳೀತು. "ಮನೆ ಆದ್ಮೇಲೂ ಈ ಬೇಲಿ ಇರ್ಲಿ ಕಣವ್ವಾ."